ಆ ಚಿಂಪಾಂಜಿ ನಗುತ್ತಿರಲಿಲ್ಲ

ಮೊನ್ನೆ ಊಟ ಆದಮೇಲೆ ಜಗಲಿಯಲ್ಲಿ ಕೂತಿದ್ದೆ. ತಂಗಿಯ ಮಗ ಯಾವುದೋ ಹಳೇ ಇಂಗ್ಲಿಷ್ ಸಿನಿಮಾದ ತುಣುಕು ತೋರಿಸಿದ. ಅಂಗಿ, ಚಡ್ಡಿ ತೊಡಿಸಿದ ಮರಿ ಚಿಂಪಾಂಜಿ ಹಲ್ಲು ಕಿರಿಯುತ್ತಿತ್ತು. ಮನೆಯವರೆಲ್ಲ ನಕ್ಕರು.

"ಅದು ನಗ್ತಿಲ್ಲ ಮಾರಾಯ, ಹೆದರಿದೆ" ಅಂದೆ. ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡೂ ಕಾಣುವ ಹಾಗೆ ತುಟಿ ಎಳೆದರೆ ಚಿಂಪಾಂಜಿಗೆ ಅದು ಭಯದ ಮುಖ. ಆಟದ ಖುಷಿಯಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲು ತುಟಿಯ ಒಳಗೇ ಇರುತ್ತದೆ.

ಹುಡುಗ ಬಿಡ್ತಾನಾ? "ಬೆಳಿಗ್ಗೆ ಮಂಗಗಳಿಗೆ ಗರ್ನಾಲು ಹೊಡೆದಿದ್ದು ನೀವೇ ಅಲ್ವಾ ಮಾವ?"

ಹೌದು, ನಾನೇ. ಹೊಸನಗರದ ಕಡೆ ತೋಟ ಇರುವವರಿಗೆ ಈ ಕಷ್ಟ ಗೊತ್ತು. ಎಳೆ ಅಡಿಕೆ ಚೀಪಿ ಬಿಸಾಡುತ್ತವೆ. ಬಾಳೆಗೊನೆ ಬಲಿಯಲು ಬಿಡುವುದಿಲ್ಲ. ಮಂಗನ ಮೇಲೆ ಪ್ರೀತಿ ಉಕ್ಕಿ ನಾನಿದನ್ನು ಬರೆಯುತ್ತಿಲ್ಲ. ಆದರೆ ನನ್ನ ಗರ್ನಾಲಿಗೆ ಓಡಿದ ಮಂಗ ಹತ್ತು ನಿಮಿಷದಲ್ಲಿ ಆಚೆ ಗುಡ್ಡದಲ್ಲಿ ತನ್ನ ಹಿಂಡಿನ ಜೊತೆ ಕೂತು ಹೇನು ಹೆಕ್ಕಿಸಿಕೊಳ್ಳುತ್ತದೆ. ನಮ್ಮದು ಸಮ ಸಮ ಜಗಳ. (ಗೆಲ್ಲುವುದು ಅದೇ, ಬಿಡಿ.) ಆ ಮರಿಗೆ ಓಡಲು ಗುಡ್ಡ ಎಲ್ಲಿತ್ತು?

ಕಾಡಿನಲ್ಲಿ ಚಿಂಪಾಂಜಿ ಮರಿ 4-5 ವರ್ಷ ತಾಯಿಯ ಹಾಲು ಕುಡಿಯುತ್ತದೆ. ಸಿನಿಮಾಕ್ಕೆ ಪಳಗಿಸಬೇಕಾದರೆ ಅದಕ್ಕಿಂತ ಎಷ್ಟೋ ಮೊದಲೇ ತಾಯಿಯಿಂದ ಬಿಡಿಸುತ್ತಾರೆ. ಏಳೆಂಟು ವರ್ಷವಾಯಿತೆಂದರೆ ಅದು ಯಾರ ಕೈಗೂ ಬಗ್ಗುವುದಿಲ್ಲ, ಅಷ್ಟು ಬಲ. ಅಲ್ಲಿಗೆ ನಟನೆ ಮುಗಿಯಿತು. ಆದರೆ ಸಾಕಿದ ಚಿಂಪಾಂಜಿ 50 ವರ್ಷವೂ ಬದುಕಬಹುದು. ಉಳಿದ ಆಯಸ್ಸೆಲ್ಲ ಯಾರು ನೋಡಿಕೊಳ್ಳುವುದು? ಮೈಕೆಲ್ ಜಾಕ್ಸನ್ ಸಾಕಿದ್ದ ಬಬಲ್ಸ್ ಹುಟ್ಟಿದ್ದು 1983ರಲ್ಲಿ. ದೊಡ್ಡದಾದ ಮೇಲೆ ಅದನ್ನೂ ಮನೆಯಿಂದ ಕಳಿಸಬೇಕಾಯಿತು. 2005ರಿಂದ ಫ್ಲೋರಿಡಾದ ಒಂದು ಆಶ್ರಯಧಾಮದಲ್ಲಿದೆ. ಅದಕ್ಕಾದರೂ ಅಂಥ ಜಾಗ ಸಿಕ್ಕಿತು.

"ಚೆನ್ನಾಗಿ ತಿನ್ನೋಕೆ ಕೊಡ್ತಾರಲ್ಲ" ಅಂದ ಭಾವ. ಜೈಲಿನಲ್ಲೂ ಹೊತ್ತುಹೊತ್ತಿಗೆ ಊಟ ಸಿಗುತ್ತೆ ಭಾವ.

ನಾವು ಚಿಕ್ಕವರಿದ್ದಾಗ ಸಂತೆಯಲ್ಲಿ ಕೋತಿ ಆಡಿಸುವವರು ಬರುತ್ತಿದ್ದರು. ಕೋತಿ, ಕರಡಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಆಡಿಸುವುದನ್ನು 1998ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಸರ್ಕಸ್‌ನವರು ಸುಪ್ರೀಂ ಕೋರ್ಟ್‌ವರೆಗೆ ಹೋದರೂ 2001ರಲ್ಲಿ ನಿಷೇಧವೇ ಉಳಿಯಿತು. ಸಂತೆಯ ಆ ಮನುಷ್ಯನಿಗೆ ಅದು ಹೊಟ್ಟೆಪಾಡು. ಕೋಟಿಗಟ್ಟಲೆ ಸುರಿಯುವ ಸಿನಿಮಾದವರಿಗೆ ಏನು ಕೊರತೆ? 1968ರ 'ಪ್ಲಾನೆಟ್ ಆಫ್ ದಿ ಏಪ್ಸ್'ನಲ್ಲಿ ಮನುಷ್ಯರಿಗೇ ವಾನರರ ಮೇಕಪ್ ಮಾಡಿದ್ದರು. 2011ರಲ್ಲಿ ಬಂದ ಅದೇ ಸರಣಿಯ ಸಿನಿಮಾದಲ್ಲಿ ನಿಜವಾದ ಒಂದೇ ಒಂದು ಚಿಂಪಾಂಜಿಯೂ ಇಲ್ಲ. ನಟ ಆಂಡಿ ಸರ್ಕಿಸ್ ಕುಣಿದು, ಕುಪ್ಪಳಿಸಿ ನಟಿಸಿದ್ದನ್ನು ಕಂಪ್ಯೂಟರ್‌ನಲ್ಲಿ ಚಿಂಪಾಂಜಿ ಮಾಡಿದರು. ಅದನ್ನು ನೋಡಿ ನಮ್ಮ ಮನೆಯಾಕೆ ಕಣ್ಣೊರೆಸಿಕೊಂಡಿದ್ದಾಳೆ.

ಹಾಗಾದರೆ ನಮ್ಮ ಸಕ್ರೆಬೈಲಿನ ಬಿಡಾರದಲ್ಲಿ ಪಳಗಿಸಿದ ಆನೆಗಳ ಕಥೆ ಏನು ಅಂತ ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಅದರ ಬಗ್ಗೆ ನನಗೂ ಪೂರ್ತಿ ಸಮಾಧಾನ ಇಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಹುಡುಗ ಆ ತುಣುಕನ್ನು ಸ್ಟೇಟಸ್‌ನಿಂದ ತೆಗೆದಿದ್ದಾನೆ. ನನ್ನ ಗರ್ನಾಲು ಖಾಲಿಯಾಗಿದೆ. ನಾಳೆ ಪೇಟೆಗೆ ಹೋದಾಗ ಎರಡು ಪ್ಯಾಕೆಟ್ ತರಬೇಕು.