ಪಕ್ಕದ ಮನೆಯ ಹೊಗೆ

ಎಡಿನ್‌ಬರೋದಲ್ಲಿರುವ ನನ್ನ ಷಡ್ಡಕ ರಜೆಗೆ ಬರುವಾಗ ಸುಂಕದ ಕಾನೂನನ್ನು ಕೊನೆಯ ಹನಿಯವರೆಗೂ ಗೌರವಿಸುತ್ತಾನೆ. ಪ್ರಯಾಣಿಕನೊಬ್ಬನಿಗೆ 2 ಲೀಟರ್ ಮದ್ಯ ತರಲು ಅವಕಾಶವಿದೆ. ವಾಸನೆಗೇ ಮೂಗು ಮುಚ್ಚಿಕೊಳ್ಳುವ ಅವನ ಹೆಂಡತಿಯೂ ಪ್ರಯಾಣಿಕಳೇ ಆದ್ದರಿಂದ ಅವಳ ಪಾಲಿನ 2 ಲೀಟರ್ ಕೂಡ ಅವನದೇ. ಈ ಸಲ ಬಂದವನು ಊಟದ ಮೇಜಿನ ಮೇಲೆ ಲಫ್ರಾಯ್ಗ್, ಲಾಗವೂಲಿನ್, ಆರ್ಡ್‌ಬೆಗ್ ಎಂಬ ಹೊಗೆವಾಸನೆಯ ಮೂರು ಸ್ಕಾಚ್ ವಿಸ್ಕಿಯ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ. ಒಂದೊಂದರ ಮುಂದೆಯೂ ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಪುಟ್ಟ ಗ್ಲಾಸು. ನಾನು ಮೊದಲನೆಯದನ್ನು ಎತ್ತಿಕೊಳ್ಳುವಷ್ಟರಲ್ಲಿ ಅವನ ಕೈ ಅಡ್ಡ ಬಂತು. "ತಡೆಯಿರಿ ಭಾವ, ಅದು 45 ಪಿಪಿಎಂ. ಮಧ್ಯದ್ದು 35, ಆ ಕಡೆಯದು 55. ಕಡಿಮೆಯದರಿಂದ ಶುರು ಮಾಡಬೇಕು."

ಸಂಜೆ ಕೆಟ್ಟದ್ದು ಅಲ್ಲಿಗೆ. ಮಗುವಿನ ಅಂಕ, ರಕ್ತದ ಸಕ್ಕರೆ, ಸೈಟಿನ ಚದರಡಿ, ಕಾರಿನ ಮೈಲೇಜು, ಹೀಗೆ ಹಗಲೆಲ್ಲ ಅಂಕಿಯಲ್ಲೇ ಉಸಿರಾಡುವ ನಮಗೆ ಸಂಜೆ ಒಂದು ಗುಟುಕು ಹೊಗೆಯಲ್ಲೂ ಅಂಕಿ ಬೇಕೇ? ಅದೂ ಸರಿಯಾದ ಅಂಕಿಯಾದರೂ ಆಗಿದ್ದರೆ ಸಹಿಸಬಹುದಿತ್ತು. ಈ ಪಿಪಿಎಂ ಎಂಬುದು ಪೀಟ್, ಅಂದರೆ ಜವುಗು ನೆಲದಲ್ಲಿ ಗಿಡಗಂಟಿ ಕೊಳೆತು ಆದ ಮಣ್ಣನ್ನು ಸುಟ್ಟ ಹೊಗೆಯಲ್ಲಿ ಒಣಗಿಸಿದ ಬಾರ್ಲಿಯ ಹತ್ತು ಲಕ್ಷ ಭಾಗದಲ್ಲಿ, ಹೊಗೆಯ ವಾಸನೆ ಕೊಡುವ ಫೀನಾಲ್ ಎಷ್ಟು ಭಾಗ ಇದೆ ಎಂಬ ಲೆಕ್ಕ. ಗ್ಲಾಸಿನಲ್ಲಿ ಎಷ್ಟಿದೆ ಎಂಬುದಲ್ಲ. ಆ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಹುದುಗು ಬರಿಸಿ, ಎರಡು ಸಲ ಬಟ್ಟಿ ಇಳಿಸುವ ದಾರಿಯಲ್ಲಿ ಹೊಗೆಯ ಬಹುಪಾಲು ಉದುರಿಹೋಗಿರುತ್ತದೆ. ಉಳಿದದ್ದು ಪೀಪಾಯಿಯಲ್ಲಿ ವರ್ಷಗಟ್ಟಲೆ ಕುಳಿತು ಇನ್ನಷ್ಟು ಸಾಧುವಾಗುತ್ತದೆ. ಸ್ಕಾಟ್ಲೆಂಡಿನ ಐಲಾ ದ್ವೀಪದ ಈಶಾನ್ಯ ದಂಡೆಯ ಕೊಲ್ ಈಲಾ ಬಟ್ಟಿಮನೆಗೂ ದಕ್ಷಿಣ ದಂಡೆಯ ಲಾಗವೂಲಿನ್ನಿಗೂ ಬಾರ್ಲಿ ಹೋಗುವುದು ಅಲ್ಲಿನ ಪೋರ್ಟ್ ಎಲೆನ್ ಊರಿನ ಒಂದೇ ಮಾಲ್ಟ್ ಕಾರ್ಖಾನೆಯಿಂದ, ಅಂದರೆ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವ ಕಾರ್ಖಾನೆಯಿಂದ. ಹೊಗೆಯ ಅಂಕಿಯೂ ಹೆಚ್ಚುಕಡಿಮೆ ಒಂದೇ. ಕುಡಿದು ನೋಡಿದರೆ ಒಂದು ತೆಳ್ಳಗೆ, ನಿಂಬೆಯ ಸಿಪ್ಪೆ ಹಿಂಡಿದ ಹಾಗೆ. ಇನ್ನೊಂದು ನಾಲಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಕುಳಿತುಬಿಡುತ್ತದೆ. ಬಟ್ಟಿಪಾತ್ರೆ ಎಷ್ಟು ಎತ್ತರ, ಅದನ್ನು ಎಷ್ಟು ತುಂಬಿಸುತ್ತಾರೆ, ಎಷ್ಟು ನಿಧಾನವಾಗಿ ಕಾಯಿಸುತ್ತಾರೆ ಎಂಬುದಕ್ಕೆಲ್ಲ ಇದರಲ್ಲಿ ಪಾಲಿದೆ. ಹೊಗೆಯ ಅಂಶ ಇಳಿಯುವುದು ಬಟ್ಟಿಯ ಕೊನೆಕೊನೆಗೆ. ಹಾಗಾಗಿ ಇಳಿದದ್ದನ್ನು ಎಲ್ಲಿಂದ ಹಿಡಿಯಬೇಕು, ಎಲ್ಲಿಗೆ ಸಾಕು ಮಾಡಬೇಕು ಎಂಬ ತೀರ್ಮಾನವೇ ರುಚಿಯ ಅರ್ಧ ಕಥೆ. ಇದನ್ನೆಲ್ಲ ಷಡ್ಡಕನಿಗೆ ಹೇಳಿದೆ. ಅವನು ತಲೆಯಾಡಿಸಿ, ಮೊಬೈಲ್ ತೆಗೆದು, "ಹಾಗಾದರೆ 35ರಿಂದಲೇ ಶುರು ಮಾಡೋಣ" ಎಂದ.

ಮೊಬೈಲಿನಲ್ಲಿ ಅವನೊಂದು ಪಟ್ಟಿ ಇಟ್ಟುಕೊಂಡಿದ್ದಾನೆ. ಮೂಗಿಗೆ ಏನು ಬಂತು, ನಾಲಿಗೆಗೆ ಏನು ಬಂತು, ನುಂಗಿದ ಮೇಲೆ ಏನು ಉಳಿಯಿತು ಎಂದು ಮೂರು ಅಂಕಣ. ಸಮುದ್ರದ ಪಾಚಿ, ಡಾಂಬರು ಬಳಿದ ಹಗ್ಗ, ಮೀನುಗಾರರ ಬಲೆ, ಒದ್ದೆಯಾದ ಉಣ್ಣೆ. ಈ ಮನುಷ್ಯ ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ಮೀನಿನ ಬಲೆಯನ್ನು ಅವನು ಮೂಸಿದ್ದು ಯಾವಾಗ ಎಂದು ಕೇಳುವ ಮನಸ್ಸಾಯಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿಯ ದನಿ ಕೇಳಿಸಿತು: "ಯಾರಿಗೆ ಪೆಟ್ಟಾಯಿತು?"

ಅವಳ ಮೂಗು ಸುಳ್ಳು ಹೇಳುವುದಿಲ್ಲ. ಫೀನಾಲ್ ಎಂದರೆ ಕಾರ್ಬಾಲಿಕ್ ಆಮ್ಲವೇ. 1865ರಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯ, ಗಾಡಿಯ ಚಕ್ರಕ್ಕೆ ಸಿಕ್ಕು ಕಾಲು ಮುರಿದುಕೊಂಡಿದ್ದ ಹುಡುಗನೊಬ್ಬನ ಗಾಯಕ್ಕೆ ಅದರಲ್ಲಿ ಅದ್ದಿದ ಪಟ್ಟಿ ಕಟ್ಟಿದ. ಗಾಯ ಕೊಳೆಯಲಿಲ್ಲ. ಅಂದಿನಿಂದ ಲೋಕದ ಆಸ್ಪತ್ರೆಗಳೆಲ್ಲ ಆ ವಾಸನೆಯನ್ನೇ ಹೊತ್ತವು. ಅಮೆರಿಕದಲ್ಲಿ ಪಾನನಿಷೇಧವಿದ್ದ ಕಾಲದಲ್ಲಿ ಲಫ್ರಾಯ್ಗ್ ಔಷಧವೆಂದು ಹೇಳಿಕೊಂಡೇ ಒಳಗೆ ಹೋಯಿತೆಂಬುದು ಅದರ ಅಭಿಮಾನಿಗಳು ಸಂತೋಷದಿಂದ ಹೇಳುವ ಕಥೆ. ಅಧಿಕಾರಿಯ ಮೂಗಿನ ಕೆಳಗೆ ಒಂದು ಸಲ ಹಿಡಿದರೆ ಸಾಕಿತ್ತಂತೆ. ಸಂತೋಷಕ್ಕಾಗಿ ಇದನ್ನು ಯಾರೂ ಕುಡಿಯಲಾರರು ಎಂದು ಅವನೇ ಬರೆದುಕೊಳ್ಳುತ್ತಿದ್ದನಂತೆ.

(ಹೊಗೆಯ ಮಾತು ಬಂದಾಗ ಅಜ್ಜಿಯ ಮನೆಯ ಬಚ್ಚಲೊಲೆಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವುದು ಇಂಥ ಬರಹಗಳ ಸಂಪ್ರದಾಯ. ನಾನು ಒಲ್ಲೆ. ನಮ್ಮ ಬಚ್ಚಲೊಲೆಯಲ್ಲಿ ತೆಂಗಿನ ಮಟ್ಟೆ ಉರಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ನೀರು ಮಾತ್ರ ಕಾಯುತ್ತಿರಲಿಲ್ಲ.)

ಸರಿ, ಈ ಮೂರರಲ್ಲಿ ಯಾವುದು ಮೇಲು ಎಂಬುದಕ್ಕೆ ಬರೋಣ. ಬರುವ ಮೊದಲು ಒಂದು ವಿಷಯ ಹೇಳಬೇಕು. ಈ ಮೂರೂ ನೆರೆಹೊರೆಯವು. ಪೋರ್ಟ್ ಎಲೆನ್ ಊರಿನಿಂದ ಸಮುದ್ರದ ಅಂಚಿನಲ್ಲಿ ಪೂರ್ವಕ್ಕೆ ನಡೆದರೆ ಮೊದಲು ಲಫ್ರಾಯ್ಗ್, ಆಮೇಲೆ ಲಾಗವೂಲಿನ್, ಕೊನೆಗೆ ಆರ್ಡ್‌ಬೆಗ್. ಎಲ್ಲ ಸೇರಿ ಸುಮಾರು 5 ಕಿಲೋಮೀಟರ್. 1815, 1816ರ ಆಸುಪಾಸಿನಲ್ಲಿ ಹುಟ್ಟಿದವೆಂದು ಮೂರೂ ಹೇಳಿಕೊಳ್ಳುತ್ತವೆ. ಅದೇ ಮಳೆ, ಅದೇ ಗಾಳಿ, ಅದೇ ಜವುಗು ನೆಲದ ಪೀಟ್. ಇಷ್ಟು ಹತ್ತಿರ ಇದ್ದವರು ಜಗಳವಾಡದೆ ಇರುತ್ತಾರೆಯೇ?

ಜಗಳ ತೆಗೆದವನು ಲಾಗವೂಲಿನ್ನಿನ ಯಜಮಾನ ಪೀಟರ್ ಮ್ಯಾಕಿ. 'ವೈಟ್ ಹಾರ್ಸ್' ಎಂಬ ಬ್ಲೆಂಡ್ ವಿಸ್ಕಿಯನ್ನು, ಅಂದರೆ ಹಲವು ವಿಸ್ಕಿಗಳ ಬೆರಕೆಯನ್ನು, ದೇಶದೇಶಗಳಿಗೆ ಮಾರಿದ ಘನವ್ಯಕ್ತಿ. ಒಂದು ಕಡೆ ಕುಳಿತುಕೊಳ್ಳಲಾರದ ಸ್ವಭಾವಕ್ಕೆ 'ಚಡಪಡಿಕೆಯ ಪೀಟರ್' ಎಂಬ ಅರ್ಥದ ಅಡ್ಡಹೆಸರೇ ಅಂಟಿತ್ತು. ಮೈಕಟ್ಟು, ಬುದ್ಧಿ ಎರಡಕ್ಕೂ ಒಳ್ಳೆಯದೆಂದು ತಾನೇ ಒಂದು ಹಿಟ್ಟನ್ನು ತಯಾರಿಸಿ, ನೌಕರರೆಲ್ಲ ಅದನ್ನೇ ತಿನ್ನಬೇಕೆಂದು ಹಟ ಹಿಡಿದಿದ್ದ. ಕೈ ಕೆಳಗಿನವರು ಏನು ತಿನ್ನಬೇಕೆಂದು ನಿರ್ಧರಿಸುವವನು ಪಕ್ಕದವರು ಏನು ಇಳಿಸಬೇಕೆಂದೂ ನಿರ್ಧರಿಸಲು ಹೊರಡುವುದು ಸಹಜವೇ. ಸ್ವಂತಕ್ಕೆ ಲಾಗವೂಲಿನ್ ಇದೆ, ಇವತ್ತು ಜನ ಕಣ್ಣು ಮುಚ್ಚಿಕೊಂಡು ಹೊಗಳುವ ಲಾಗವೂಲಿನ್. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ! ಅವನ ಕಣ್ಣೆಲ್ಲ ಪಕ್ಕದ ಲಫ್ರಾಯ್ಗಿನ ಮೇಲೆ.

ಅದಕ್ಕೆ ಕಾರಣವೂ ಇತ್ತು. ಲಫ್ರಾಯ್ಗಿನ ವಿಸ್ಕಿಯನ್ನು ಹೊರಗೆ ಮಾರುವ ಏಜೆನ್ಸಿ ದಶಕಗಳಿಂದ ಮ್ಯಾಕಿಯವರ ಕಂಪನಿಯ ಕೈಯಲ್ಲಿತ್ತು. ತಮಗೆ ನ್ಯಾಯವಾಗಿ ಬರಬೇಕಾದದ್ದು ಬರುತ್ತಿಲ್ಲವೆಂದು ಲಫ್ರಾಯ್ಗಿನವರು 1907ರಲ್ಲಿ ಅದನ್ನು ಕಿತ್ತುಕೊಂಡರು. ಮ್ಯಾಕಿ ನ್ಯಾಯಾಲಯಕ್ಕೆ ಹೋದ; ಸೋತ. ಸೋತವನು ಮನೆಗೆ ಬಂದು ಮಾಡಿದ್ದೇನು? ಲಫ್ರಾಯ್ಗಿಗೆ ಹೋಗುವ ನೀರಿನ ದಾರಿಗೆ ಕಲ್ಲು ತುಂಬಿಸಿದ. ಕಾವೇರಿ ಬಯಲಿನಲ್ಲಿ ಮೇಲಿನ ಗದ್ದೆಯವನು ಕೆಳಗಿನ ಗದ್ದೆಯವನ ತೂಬಿಗೆ ರಾತ್ರೋರಾತ್ರಿ ಮಣ್ಣು ಮೆತ್ತುವುದನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಇವನು ಮಾತ್ರ ಮುಂದೆ 'ಸರ್' ಪದವಿ ಪಡೆದ. ನೀರಿಲ್ಲದೆ ಬಟ್ಟಿ ಇಲ್ಲ. ಲಫ್ರಾಯ್ಗಿನವರು ಮತ್ತೆ ಕೋರ್ಟಿಗೆ ಹೋದರು, ಕಲ್ಲು ತೆಗೆಯಬೇಕೆಂದು ಆದೇಶವಾಯಿತು, ಕಲ್ಲು ತೆಗೆದದ್ದೂ ಆಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉದ್ದ ಹೇಳುತ್ತಿರಲಿಲ್ಲ. ಏಜೆನ್ಸಿಯೂ ಇಲ್ಲ, ನೀರಿನ ಸೇಡೂ ನಡೆಯಲಿಲ್ಲ ಎಂದಾದ ಮೇಲೆ ಮ್ಯಾಕಿ 1908ರಲ್ಲಿ ಲಾಗವೂಲಿನ್ನಿನ ಆವರಣದೊಳಗೇ ಇನ್ನೊಂದು ಪುಟ್ಟ ಬಟ್ಟಿಮನೆ ಕಟ್ಟಿಸಿದ. ಹೆಸರು ಮಾಲ್ಟ್ ಮಿಲ್. ಉದ್ದೇಶ ಒಂದೇ: ಲಫ್ರಾಯ್ಗನ್ನು ಇಲ್ಲಿಯೇ ಇಳಿಸುವುದು. ಬಟ್ಟಿಪಾತ್ರೆಗಳು ಲಫ್ರಾಯ್ಗಿನವುಗಳ ಪಡಿಯಚ್ಚು. ಕೆಲಸ ತಿಳಿದವನು ಬೇಕೆಂದು ಲಫ್ರಾಯ್ಗಿನ ನುರಿತ ಕೆಲಸಗಾರನನ್ನೇ ಹೆಚ್ಚು ಸಂಬಳ ತೋರಿಸಿ ಎಳೆದುಕೊಂಡ. ಪೀಟ್ ಅದೇ ದ್ವೀಪದ್ದು, ಗಾಳಿ ಅದೇ ಸಮುದ್ರದ್ದು. ಇಳಿದದ್ದು ಮಾತ್ರ ಲಫ್ರಾಯ್ಗ್ ಆಗಲಿಲ್ಲ. ಕೆಟ್ಟದ್ದೇನೂ ಅಲ್ಲ, ಬ್ಲೆಂಡಿಗೆ ಬಳಸಿಕೊಳ್ಳಬಹುದಾದ ಗಟ್ಟಿ ಹೊಗೆಯ ವಿಸ್ಕಿಯೇ, ಆದರೆ ಅದಲ್ಲ. ಮ್ಯಾಕಿ 1924ರಲ್ಲಿ ತೀರಿಕೊಂಡ ಮೇಲೂ ಮಾಲ್ಟ್ ಮಿಲ್ ಲಫ್ರಾಯ್ಗ್ ಅಲ್ಲದ್ದನ್ನು ಇಳಿಸುತ್ತಲೇ ಇತ್ತು, 1962ರಲ್ಲಿ ಮುಚ್ಚಿತು. ಈಗ ಆ ಕಟ್ಟಡದಲ್ಲಿ ಲಾಗವೂಲಿನ್ ನೋಡಲು ಬಂದವರನ್ನು ಕೂರಿಸುತ್ತಾರೆ. ಅವನ ಹೊಟ್ಟೆಕಿಚ್ಚಿನ ಪಿಪಿಎಂ ಎಷ್ಟಿತ್ತೆಂದು ಅಳೆದು ಬರೆದಿಟ್ಟವರಿಲ್ಲ.

ಕಥೆ ಮುಗಿಯುವಷ್ಟರಲ್ಲಿ ಷಡ್ಡಕ ಜೇಬಿನಿಂದ ಕಣ್ಣಿಗೆ ಔಷಧಿ ಬಿಡುವಂಥ ಗಾಜಿನ ಕೊಳವೆಯೊಂದನ್ನು ತೆಗೆದಿದ್ದ. ಮೂರು ಹನಿ ನೀರು ಬಿಟ್ಟರೆ ವಿಸ್ಕಿ 'ಅರಳುತ್ತದೆ'ಯಂತೆ. ಇದಕ್ಕೆ ವಿಜ್ಞಾನದ ಬೆಂಬಲ ಇದೆ, ಇಲ್ಲವೆನ್ನಲಾರೆ. ಹೊಗೆಯ ಪರಿಮಳದ ಒಂದು ಮುಖ್ಯ ಅಂಶ ಗ್ವಾಯಕಾಲ್. ಹುರಿದ ಕಾಫಿಯಲ್ಲೂ ಇರುವಂಥದ್ದು. ಆಲ್ಕೊಹಾಲ್ ಹೆಚ್ಚಿದ್ದರೆ ಅದರ ಅಣುಗಳು ಇದನ್ನು ಸುತ್ತುವರಿದು ಒಳಗೇ ಹಿಡಿದಿಡುತ್ತವೆ, ನೀರು ಸೇರಿದರೆ ಇದು ಮೇಲ್ಮೈಗೆ ಬಂದು ಮೂಗಿಗೆ ಸಿಗುತ್ತದೆ ಎಂದು ಸ್ವೀಡನ್ನಿನ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನೀರು ಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ಕೊಳವೆಗೆ ತಕರಾರು. ಚೊಂಬು ಇರುವ ಮನೆಯಲ್ಲಿ ಕೊಳವೆ ಏಕೆ? ಅಷ್ಟು ಸಾಲದೆಂದು ಅವನು ನನ್ನ ಆರ್ಡ್‌ಬೆಗ್ಗಿಗೆ ಸೋಡಾ ಬೆರೆಯುವುದನ್ನು ಕಂಡು, ಹೆಣದ ಮುಂದೆ ನಿಂತವನಂತೆ ಮುಖ ಮಾಡಿದ. ಶೇ. 46ರ ಆರ್ಡ್‌ಬೆಗ್ಗಿಗೆ ಸೋಡಾ ಚೆನ್ನಾಗಿ ಹೊಂದುತ್ತದೆ. ಬೇಸಿಗೆಯಲ್ಲಂತೂ ಬೇರೆ ಮಾತೇ ಇಲ್ಲ. ಸ್ಕಾಟ್ಲೆಂಡಿನ ಚಳಿಗೆ ಮಾಡಿದ ನಿಯಮವನ್ನು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಪಾಲಿಸುವವರು ಮದುವೆಮನೆಯಲ್ಲಿ ಕೋಟು ಹಾಕಿಕೊಂಡು ಬೆವರುವವರ ಜಾತಿಗೇ ಸೇರಿದವರು.

ಬೆಂಗಳೂರಿನ ಬಿಸಿಲಿಗೆ ಪೀಪಾಯಿಗಳೂ ಬೆವರುತ್ತವೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾಗಿ ಹೋದರೆ ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಬಟ್ಟಿಮನೆಯಲ್ಲಿ ಶೇ. 10ಕ್ಕೂ ಮೇಲೆ ಹಾರಿಹೋಗುತ್ತದೆ. ಅವರು ತಮ್ಮ ಸಿಂಗಲ್ ಮಾಲ್ಟನ್ನು, ಅಂದರೆ ಒಂದೇ ಬಟ್ಟಿಮನೆಯ ಮಾಲ್ಟ್ ವಿಸ್ಕಿಯನ್ನು, 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಹೊಗೆವಾಸನೆಯ ವಿಸ್ಕಿಗೆ ಬೇಕಾದ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಹಡಗು ಹತ್ತಿ ಬರುತ್ತದೆ. ಹೊಗೆ ಅಲ್ಲಿಯದು, ಬೆವರು ಇಲ್ಲಿಯದು. ಷಡ್ಡಕ ಹಿಂತಿರುಗುವಾಗ ಇದನ್ನು ಎರಡು ಬಾಟಲಿ ತೆಗೆದುಕೊಂಡು ಹೋಗುತ್ತಾನೆ. ಎಡಿನ್‌ಬರೋದ ಗೆಳೆಯರು ಕೇಳುತ್ತಾರಂತೆ. ನನ್ನ ಮನೆಯಲ್ಲಿ ಕೊಟ್ಟರೆ ಮಾತ್ರ, "ಇದೇನು ಭಾವ, ಲೋಕಲ್" ಎನ್ನುತ್ತಾನೆ.

ಅದೇ ಐಲಾದ ಬ್ರುಕ್‌ಲಾಡಿ ಬಟ್ಟಿಮನೆಯವರ ಆಕ್ಟೊಮೋರ್ ಎಂಬ ವಿಸ್ಕಿಯ ಒಂದು ತಯಾರಿಕೆಯಲ್ಲಿ ಬಾರ್ಲಿಯ ಅಂಕಿ 309 ಮುಟ್ಟಿತ್ತೆಂದು ಅವನು ಹೇಳಿದಾಗ ನಾನು ಎದ್ದು ಮೊಸರನ್ನ ತಿನ್ನಲು ಹೋದೆ.

ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅವನೊಂದು ಉಪಕಾರ ಮಾಡಿಟ್ಟಿದ್ದ. ಲಫ್ರಾಯ್ಗಿನ ಬಾಟಲಿಯೊಂದಿಗೆ ಒಂದು ಸಂಕೇತ ಸಂಖ್ಯೆ ಬರುತ್ತದೆ. ಅದನ್ನು ನೋಂದಾಯಿಸಿದರೆ ಐಲಾದ ಅವರ ಹೊಲದಲ್ಲಿ ಒಂದು ಚದರಡಿ ಜಾಗವನ್ನು ನಿಮಗೆ ಜೀವನಪರ್ಯಂತ ಗೇಣಿಗೆ ಕೊಡುತ್ತಾರೆ. 1994ರಿಂದ ನಡೆದುಬಂದ ಪದ್ಧತಿ. ಗೇಣಿ ಕಟ್ಟಬೇಕಾದವರು ನೀವಲ್ಲ, ಅವರು: ಒಂದು ಗುಟುಕು ಲಫ್ರಾಯ್ಗ್. ಆದರೆ ನೀವೇ ಅಲ್ಲಿಗೆ ಹೋಗಿ ಪಡೆಯಬೇಕು. ಷಡ್ಡಕ ನನ್ನ ಹೆಸರಿನಲ್ಲಿ ನೋಂದಾಯಿಸಿ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದ. ವರಾಂಡದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮಾವನವರ ಕಿವಿಗೆ ಜಮೀನು ಎಂಬ ಮಾತು ಬಿತ್ತು. ಅವರು ಶಿರಸ್ತೇದಾರರಾಗಿ ನಿವೃತ್ತರಾದವರು. ಈ ಮನೆಯಲ್ಲಿ ಸಂಜೆಯೆಲ್ಲ ಏನು ನಡೆಯುತ್ತದೆ ಎಂಬುದರ ಬಗ್ಗೆ ಅಲ್ಲಿಯವರೆಗೂ ಅವರಿಗೆ ಏನೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದಂತೆ ಇರುವ ದೊಡ್ಡತನ ಅವರಲ್ಲಿತ್ತು.

"ಎಷ್ಟು ಜಾಗ?"

"ಒಂದು ಚದರಡಿ, ಮಾವ."

ಕನ್ನಡಕ ಹಾಕಿಕೊಂಡು ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಸಂಖ್ಯೆ ಇದೆ, ಚಕ್ಕುಬಂದಿ ಬರೆದಿಲ್ಲ ಎಂದರು. ಗೇಣಿಯ ಮೊಬಲಗನ್ನು ಕೇಳಿದರು. ಷಡ್ಡಕ ಬಹಳ ತಡೆದು "ಔಷಧ" ಎಂದ. ಆಮೇಲೆ ಅವರು, ಕೃಷಿ ಭೂಮಿಯ ಬಗ್ಗೆ ಯಾರು ಏನು ಹೇಳಿದರೂ ಕೇಳುವ ಪ್ರಶ್ನೆಯನ್ನು ಕೇಳಿದರು.

"ನೀರಿಗೆ ಏನು ಮಾಡುತ್ತಾರೆ? ಮೇಲುಗಡೆ ಜಮೀನು ಯಾರದು?"