ಕೀ ಬದಲಾಯಿಸಿದ ಶುಕ್ರವಾರ

ನಮ್ಮ ಆಫೀಸಿನೊಳಗೆ ಹೋಗಬೇಕಾದರೆ ಕೊರಳ ಕಾರ್ಡು ತೋರಿಸಬೇಕು, ಬೆರಳು ಒತ್ತಬೇಕು, ಬ್ಯಾಗ್ ಬಿಚ್ಚಬೇಕು. ಸೆಕ್ಯುರಿಟಿಯವರು ಊಟದ ಡಬ್ಬಿಯನ್ನೂ ಬಿಡುವುದಿಲ್ಲ. ಇಷ್ಟೆಲ್ಲ ದಾಟಿ ಬಂದ ಹೊಸ ಹುಡುಗ ಮೊದಲ ದಿನವೇ ಕೇಳಿದ, "ಸಾರ್, ಡೇಟಾಬೇಸ್ ಪಾಸ್‌ವರ್ಡ್ ಎಲ್ಲಿದೆ?"

"ವಾಟ್ಸಾಪ್ ಗ್ರೂಪಲ್ಲಿ ಪಿನ್ ಮಾಡಿದೀವಿ ನೋಡಪ್ಪ."

ಆ ಗ್ರೂಪಿನಲ್ಲಿ ಕೆಲಸ ಬಿಟ್ಟು ಹೋದವರು ಒಂಬತ್ತು ಜನ ಇದ್ದಾರೆ. ಯುಗಾದಿಗೆ ತಪ್ಪದೆ ವಿಶ್ ಮಾಡುತ್ತಾರೆ. ಅಂಥವರನ್ನು ತೆಗೆದುಹಾಕೋಕೆ ಮನಸ್ಸಾದರೂ ಹೇಗೆ ಬರುತ್ತೆ?

ಸಣ್ಣ ಕಂಪನಿ ಅಂತ ನಗಬೇಡಿ. ಊಬರ್‌ನವರು ಅಮೆಜಾನ್ ಕ್ಲೌಡಿನ (ಬಾಡಿಗೆ ಕಂಪ್ಯೂಟರುಗಳ) ಕೀಯನ್ನು, ಅಂದರೆ ಪ್ರೋಗ್ರಾಮುಗಳು ಒಳಗೆ ಹೋಗಲು ಬಳಸುವ ಪಾಸ್‌ವರ್ಡನ್ನು, ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಕೋಡ್ ಜೊತೆಗೇ ಇಟ್ಟಿದ್ದರು. 2016ರಲ್ಲಿ ಕಳ್ಳರು 5.7 ಕೋಟಿ ಜನರ ವಿವರ ಹೊತ್ತೊಯ್ದರು. ಕಂಪನಿ ಅವರಿಗೇ ಒಂದು ಲಕ್ಷ ಡಾಲರ್ ಕೊಟ್ಟು ಒಂದು ವರ್ಷ ಬಾಯಿ ಮುಚ್ಚಿಕೊಂಡಿತ್ತು. ಟೊಯೋಟಾದ ಒಂದು ಕೀ 2017ರ ಡಿಸೆಂಬರಿನಿಂದ 2022ರ ಸೆಪ್ಟೆಂಬರಿನ ತನಕ ಗಿಟ್‌ಹಬ್‌ನಲ್ಲಿ ಊರಿಗೆಲ್ಲ ಕಾಣುವ ಹಾಗೆ ಬಿದ್ದಿತ್ತು. ಅಷ್ಟು ವರ್ಷದಲ್ಲಿ ಕಾರು ಎಷ್ಟು ಸಲ ಸರ್ವೀಸಿಗೆ ಬರುತ್ತೆ ಲೆಕ್ಕ ಹಾಕಿ. ಕೀ ಒಂದು ಸಲವೂ ಬರಲಿಲ್ಲ.

ನನಗೆ ಜಾಸ್ತಿ ಇಷ್ಟವಾಗೋದು ಮೈಕ್ರೋಸಾಫ್ಟ್ ಕತೆ. ಅಲ್ಲಿ ಬಂದವರು ಅಸಲಿ ಅಂತ ಲಾಗಿನ್‌ಗೆ ಸಹಿ ಹಾಕುವ ಕೀಗಳನ್ನು, ಕದ್ದ ಹಳೇದು ನಡೆಯದಿರಲಿ ಅಂತ, ಆಗಾಗ ಕೈಯಾರೆ ಬದಲಾಯಿಸುತ್ತಿದ್ದರು. 2021ರಲ್ಲಿ ಹೀಗೆ ಬದಲಾಯಿಸಲು ಹೋಗಿಯೇ ಕ್ಲೌಡ್ ಮಲಗಿಬಿಟ್ಟಿತು. ಪರಿಹಾರ? ಕೀ ಬದಲಾಯಿಸುವುದನ್ನೇ ನಿಲ್ಲಿಸಿದರು. 2023ರಲ್ಲಿ ಚೀನಾದ ಹ್ಯಾಕರ್‌ಗಳು 2016ರ ಒಂದು ಹಳೇ ಕೀ ಹಿಡಿದುಕೊಂಡು ಬಂದು ಅಮೆರಿಕದ ವಿದೇಶಾಂಗ ಇಲಾಖೆಯ ಸುಮಾರು 60,000 ಇಮೇಲ್ ಎತ್ತಿಕೊಂಡು ಹೋದರು. ಕೀ ಅವರ ಕೈಗೆ ಹೇಗೆ ಸಿಕ್ಕಿತು? 2024ರಲ್ಲಿ ಸರ್ಕಾರಿ ತನಿಖಾ ವರದಿ ಬರುವ ಹೊತ್ತಿಗೂ ಮೈಕ್ರೋಸಾಫ್ಟ್‌ಗೇ ಅದು ಗೊತ್ತಿರಲಿಲ್ಲ.

ಇದನ್ನೆಲ್ಲ ಓದಿ ನಮ್ಮ ಮ್ಯಾನೇಜರ್ ಹೆದರಿದರು. ಪಾಸ್‌ವರ್ಡ್, ಕೀ ಥರದ ಗುಟ್ಟುಗಳನ್ನು ಕಾಯೋಕೆ ಅಂತಲೇ ಅಮೆಜಾನ್‌ನಲ್ಲಿ ಸೀಕ್ರೆಟ್ಸ್ ಮ್ಯಾನೇಜರ್ ಅಂತ ಇದೆ, ಒಂದು ಗುಟ್ಟಿಗೆ ತಿಂಗಳಿಗೆ 40 ಸೆಂಟ್. ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ ದುಡ್ಡು. "ಸದ್ಯಕ್ಕೆ ಬಜೆಟ್ ಇಲ್ಲ, ಸುಮ್ನೆ ಇರೋ ಕೀ ಬದಲಾಯಿಸಿ ಸಾಕು" ಅಂದರು.

ಶುಕ್ರವಾರ ಸಂಜೆ ಬದಲಾಯಿಸಿದೆವು. ಅಮೆಜಾನ್ ಒಬ್ಬ ಯೂಸರ್‌ಗೆ ಏಕಕಾಲಕ್ಕೆ ಎರಡು ಕೀ ಕೊಡುತ್ತದೆ. ಹೊಸದು ಎಲ್ಲ ಕಡೆ ಕೂತ ಮೇಲೆ ಹಳೇದನ್ನು ಆಫ್ ಮಾಡಲಿ ಅಂತ. ನಾವು ಆ ಎರಡನೆಯದನ್ನು ಇಂಟರ್ನ್ ಹುಡುಗನಿಗೆ ಕೊಟ್ಟುಬಿಟ್ಟಿದ್ದೆವು. ಅದನ್ನು ಕಿತ್ತುಕೊಂಡು, ಹೊಸದು ಮಾಡಿ, ಹಳೇದನ್ನು ಆಫ್ ಮಾಡಿದೆವು. ಹತ್ತೇ ನಿಮಿಷ, ಬಿಲ್ಲಿಂಗ್ ನಿಂತಿತು. ಬಿಲ್ಲಿಂಗ್ ಬರೆದವನು ಕೆಲಸ ಬಿಟ್ಟು ಮೂರು ವರ್ಷ. ಪುಣ್ಯಕ್ಕೆ ವಾಟ್ಸಾಪ್ ಗ್ರೂಪಿನಲ್ಲಿದ್ದ. ಫೋನ್ ಮಾಡಿದೆವು. "ಕೀ ಕೋಡ್ ಒಳಗೇ ಇದೆ ಗುರೂ, ಎಲ್ಲಿ ಅಂತ ಮರೆತುಹೋಗಿದೆ. ಹಳೇದನ್ನೇ ಆನ್ ಮಾಡ್ಬಿಡಿ" ಅಂದ.

ಮಾಡಿದೆವು. ಎಲ್ಲ ಸರಿಹೋಯಿತು.

ಸೋಮವಾರ ಆಡಿಟ್‌ನವರ ಎಕ್ಸೆಲ್ ಶೀಟ್ ಬಂತು. ಈ ವರ್ಷ ಕೀ ಎಷ್ಟು ಸಲ ಬದಲಾಯಿಸಿದ್ದೀರಿ ಅಂತ ಒಂದು ಕಾಲಂ ಇತ್ತು. ಮ್ಯಾನೇಜರ್ "ಎರಡು" ಅಂತ ತುಂಬಿದರು. ಹಳೇದರಿಂದ ಹೊಸದಕ್ಕೆ ಒಂದು, ಹೊಸದರಿಂದ ಹಳೇದಕ್ಕೆ ಇನ್ನೊಂದು.