ಸಾಲಕ್ಕೆ ತಕ್ಕ ಆದಾಯ

ಮೈಕ್ರೋ ಫೈನಾನ್ಸ್ ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಈಗ ‘ಜ್ಞಾನ ನಿರ್ವಹಣೆ’ಗೆ, ಅಂದರೆ ಸಾಲಗಾರರ ಬಗ್ಗೆ ತಿಳಿದದ್ದನ್ನು ಕೂಡಿಟ್ಟು ಬಳಸುವ ವಿದ್ಯೆಗೆ, ಮರ್ಯಾದೆಯ ಸ್ಥಾನ ದೊರೆತಿದೆ. ಆ ಜ್ಞಾನ ತಯಾರಾಗುವ ಬಗೆಯನ್ನು ಹಳ್ಳಿಯ ಜಗಲಿಯಲ್ಲಿ ಕುಳಿತು ನೋಡಿದವರಿಗೆ ಮಾತ್ರ ಅದರ ಸೊಗಸು ತಿಳಿಯುತ್ತದೆ.

ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬ ಎಲ್ಲ ಸಾಲಗಳಿಗೂ ಸೇರಿ ಕಟ್ಟುವ ಕಂತು ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಇದನ್ನು ಓದಿದ ಮುಗ್ಧರು, ಮೊದಲು ಆದಾಯ ವಿಚಾರಿಸಿ ಆಮೇಲೆ ಸಾಲ ನಿಗದಿ ಮಾಡುತ್ತಾರೆಂದು ನಂಬುತ್ತಾರೆ. ತಿಂಗಳ ಕೊನೆಯ ವಾರದಲ್ಲಿ, ಗುರಿ ಮುಟ್ಟದ ಶಾಖೆಯಲ್ಲಿ, ಗಣಿತ ಹಿಮ್ಮುಖವಾಗಿ ಹರಿಯುತ್ತದೆ. ಸಾಲ ಪಡೆಯುವ ಹೆಂಗಸು ಈಗಾಗಲೇ ತಿಂಗಳಿಗೆ ಕಟ್ಟುತ್ತಿರುವ ಕಂತು 6,000, ಹೊಸದು 3,000, ಒಟ್ಟು 9,000. ಅಂದಮೇಲೆ ಆದಾಯ 18,000 ಇರಲೇಬೇಕು. ಬಾಯಿಬಿಟ್ಟು ಕೇಳಿದರೆ ಆಕೆ ಹೇಳುವುದು 11,000. ಉಳಿದ ಏಳು ಸಾವಿರಕ್ಕೆ ಫೀಲ್ಡ್ ಆಫೀಸರನ ಟ್ಯಾಬಿನೊಳಗೆ ಎರಡು ಹಸು ಹುಟ್ಟುತ್ತವೆ. ಇನ್ನೂ ಮೂರು ಹುಟ್ಟಿದರೆ ತಿಂಗಳ ಆದಾಯ 25,000 ದಾಟಿ ಬಡತನವೇ ಕೈತಪ್ಪುವ ಅಪಾಯವಿರುವುದರಿಂದ, ಫೀಲ್ಡ್ ಆಫೀಸರು ಸಂತಾನ ನಿಯಂತ್ರಣವನ್ನೂ ಬಲ್ಲವನಾಗಿರಬೇಕು.

ನಿಜವಾದ ತಿಳಿವಳಿಕೆ ಬೇರೆಡೆ ಇರುತ್ತದೆ. ಯಾರ ಹೆಸರಿನ ಸಾಲವನ್ನು ಯಾರು ಒಯ್ದರು, ಯಾವ ಹೈನುಗಾರಿಕೆಯ ಹಣ ಗಂಡನ ಆಪರೇಷನ್ನಿಗೆ ಹೋಯಿತು, ಈ ಕಂಪನಿಯ ಕಂತು ತೀರಿಸಲು ಇನ್ನಾವ ಕಂಪನಿಯಲ್ಲಿ ಸಾಲ ಎತ್ತಲಾಯಿತು ಎಂಬುದೆಲ್ಲ ಸಂಘದ ಹತ್ತೂ ಹೆಂಗಸರಿಗೆ ಗೊತ್ತು, ಬೈಕಿನಲ್ಲಿ ಬರುವ ಹುಡುಗನಿಗೂ ಗೊತ್ತು. ಆದರೆ ಇದನ್ನು ತುಂಬಲು ಟ್ಯಾಬಿನಲ್ಲಿ ಜಾಗವಿಲ್ಲ, ತುಂಬಿದರೆ ಅವನ ಇನ್ಸೆಂಟಿವ್ ಉಳಿಯುವುದಿಲ್ಲ. ಅವನು ಕೆಲಸ ಬಿಟ್ಟಾಗ ಇಷ್ಟೂ ಜ್ಞಾನ ಅವನ ಬೈಕೇರಿ ಹೋಗುತ್ತದೆ, ಹೊಸಬ ಬಂದು ಅದೇ ಬಾಗಿಲಲ್ಲಿ ನಿಂತು, “ಅಕ್ಕಾ, ಏನ್ ಕೆಲ್ಸ ಮಾಡ್ತೀರಾ?” ಎಂದು ಮೊದಲಿನಿಂದ ಆರಂಭಿಸುತ್ತಾನೆ.

ಇಷ್ಟಾದರೂ ಸಾಧನೆಯ ಪಟ್ಟಿ ಹೊಳೆಯುತ್ತಲೇ ಇತ್ತು, ಏಕೆಂದರೆ ಒಬ್ಬಳು ಕಟ್ಟದಿದ್ದರೆ ಉಳಿದವರನ್ನು ಏಳಗೊಡದೆ ಕೂರಿಸಿ ವಸೂಲು ಮಾಡಿದ್ದಕ್ಕೂ ಅಂಕವುಂಟು. ಸಂಜೆ ಆರರ ನಂತರ ವಸೂಲಿಗೆ ಹೋಗಬಾರದೆಂಬ ನಿಯಮವಿದೆ; ಹಳ್ಳಿಯ ಗಡಿಯಾರಗಳು ಕಂಪನಿಯ ಮುಲಾಜಿಗೆ ನಿಧಾನವಾಗಿ ನಡೆಯುತ್ತಿದ್ದಿರಬೇಕು. 2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಜಡಿದು ಊರು ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲೆಂದಿತು. ಅಷ್ಟು ದತ್ತಾಂಶ ಕೂಡಿಟ್ಟವರಿಗೆ ಇದು ಪತ್ರಿಕೆ ಓದಿಯೇ ತಿಳಿಯಬೇಕಾಯಿತೆಂದರೆ, ನಮ್ಮ ಪತ್ರಿಕೆಗಳೂ ಜ್ಞಾನ ನಿರ್ವಹಣೆಯಲ್ಲಿ ಹಿಂದೆ ಬಿದ್ದಿಲ್ಲವೆಂದಾಯಿತು.

ನನಗೆ ಉಳಿದಿರುವುದು ಒಂದೇ ಅನುಮಾನ. ಸಾಲದ ಹಣ ಕೈಸೇರುವ ಮುಂಚೆಯೇ ಸಾಲಗಾರ್ತಿಗೂ ಅವಳ ಗಂಡನಿಗೂ ವಿಮೆಯ ಮೊತ್ತ ಮುರಿದುಕೊಳ್ಳುವವರು, ಕಂತಿನ ಭಾರವನ್ನೆಲ್ಲ ಹೊತ್ತಿರುವ ಆ ಹಸುಗಳಿಗೆ ಮಾತ್ರ ಏಕೆ ವಿಮೆ ಮಾಡಿಸುವುದಿಲ್ಲ? ವಿಚಾರಿಸಿದಾಗ ತಾಂತ್ರಿಕ ತೊಡಕೊಂದು ತಿಳಿಯಿತು: ಜಾನುವಾರು ವಿಮೆಗೆ ಹಸುವಿನ ಕಿವಿಗೆ ಗುರುತಿನ ಓಲೆ ಕಡ್ಡಾಯ, ಓಲೆ ಹಾಕಲು ಬಂದವರು ಕಿವಿ ತೋರಿಸಿ ಎನ್ನುತ್ತಾರೆ.